ನೀವು ಕಳಿಸಿದ ಸಹಾಯಕರು ನಮ್ಮ ಮಂಚದ ಮೇಲಿದ್ದಾರೆ

ಆರೈಕೆದಾರರ ನೆರವು ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ಹೊರೆ ಇಳಿಸಲೆಂದು ತಾವು ಕಳಿಸಿದ ಸಹಾಯಕರು ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆ. ಈಗ ಅವರನ್ನೂ ನಾನೇ ನೋಡಿಕೊಳ್ಳುತ್ತಿದ್ದೇನೆ. ಇದನ್ನು ದೂರು ಎಂದು ತಿಳಿಯಬೇಕೋ, ಇಲಾಖೆಯ ಸಾಧನೆ ಎಂದು ತಿಳಿಯಬೇಕೋ, ತಾವೇ ತೀರ್ಮಾನಿಸಿ.

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ, ಹಿಂದಿನ ಕೋಣೆಯಲ್ಲಿ ನನ್ನ ಅಕ್ಕ. ಬಸ್ ಕಂಡಕ್ಟರ್ ಆಗಿದ್ದವಳು. ಬಾಯಿ ತೆರೆದರೆ ಬಾಗಿಲಲ್ಲಿ ಜೋತುಬಿದ್ದವರೆಲ್ಲ ಸರಸರನೆ ಒಳಗೆ ಸರಿಯುತ್ತಿದ್ದರು. ಲಕ್ವ ಹೊಡೆದು ಬಲಭಾಗ ಬಿದ್ದುಹೋದ ಮೇಲೆ ಅವಳಿಗೆ ಉಳಿದಿರುವುದು ಒಂದೇ ಮಾತು: "ಒಳಗೆ ಹೋಗಿ." ಹಸಿವಾದರೂ ಅದೇ, ಸಿಟ್ಟು ಬಂದರೂ ಅದೇ. ಅವಳನ್ನು ಎಬ್ಬಿಸಿ, ತೊಳೆದು, ಉಣ್ಣಿಸಿ, ಮಗ್ಗುಲು ಬದಲಿಸಿ, ನಡುವೆ ಸಿಕ್ಕ ಹೊತ್ತಿನಲ್ಲಿ ಹೊಲಿಯುತ್ತೇನೆ. ಒಮ್ಮೆ ತೂಕಡಿಕೆಯಲ್ಲಿ ಒಬ್ಬ ಗಿರಾಕಿಯ ಪ್ಯಾಂಟಿನ ಎರಡೂ ಕಾಲುಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದುಬಿಟ್ಟೆ. ಆಗಲೇ ನಾನು ತಮ್ಮ ಕಚೇರಿಯ ಮೆಟ್ಟಿಲು ಹತ್ತಿದ್ದು.

ವಾರಕ್ಕೊಂದು ಮಧ್ಯಾಹ್ನ ಯಾರಾದರೂ ಬಂದರೆ ನಿದ್ದೆ ಮಾಡಿಯೇನು ಎಂಬುದಷ್ಟೇ ಆಸೆ. ಬಂದರು. ನನಗಿಂತ ಹಿರಿಯರು, ಕೊರಳಲ್ಲಿ ತಮ್ಮ ಕಚೇರಿಯ ಗುರುತಿನ ಚೀಟಿ, ಅಂಗಿಯ ಮೇಲೆ ಸೊಂಟನೋವಿನವರು ಕಟ್ಟುವ ಬೆಲ್ಟು. "ನೀವು ಚಿಂತೆ ಬಿಟ್ಟು ಮಲಗಿ" ಎಂದರು. ತಲೆ ದಿಂಬಿಗೆ ತಾಗಿತ್ತಷ್ಟೆ, "ಅಯ್ಯಯ್ಯೋ!" ಎಂಬ ಕೂಗು. ಅಕ್ಕನನ್ನು ಕುರ್ಚಿಯಿಂದ ಎತ್ತಲು ಬಗ್ಗಿದವರು ಬಗ್ಗಿದಂತೆಯೇ ನಿಂತಿದ್ದರು.

"ಹೇಗೆ ಎತ್ತಬೇಕು ಅಂತ ಯಾರೂ ಕಲಿಸಲಿಲ್ವಾ?" ಎಂದೆ.

"ಕಲಿಸಿದ್ರು. ಅಲ್ಲಿ ಎತ್ತೋಕೆ ಗೊಂಬೆ ಕೊಟ್ಟಿದ್ರು."

"ಒಳಗೆ ಹೋಗಿ" ಎಂದಳು ಅಕ್ಕ. ಅವಳ ಮಾತು ಅಷ್ಟು ಸಮಯೋಚಿತವಾಗಿದ್ದು ಅದೇ ಮೊದಲು. ಅವರನ್ನು ಒಳಗೆ ಕರೆದೊಯ್ದು ನನ್ನ ಮಂಚದ ಮೇಲೆ ಮಲಗಿಸಿದೆ. ಅಂದಿನಿಂದ ನನ್ನ ಹಾಸಿಗೆ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ.

ಕಚೇರಿಗೆ ಫೋನ್ ಮಾಡಿದೆ. ಗುಮಾಸ್ತೆ ಕೇಳಿದರು, "ಅವರು ನಿಮ್ಮ ಮನೇಲೇ ಇದ್ದಾರೆ ತಾನೆ?"

"ಇದ್ದಾರೆ ಮೇಡಂ, ಮಲಗಿದ್ದಾರೆ."

"ಹಾಗಿದ್ರೆ ಡ್ಯೂಟಿಯಲ್ಲಿದ್ದಾರೆ. ಬೇರೆಯವರನ್ನ ಹೇಗೆ ಕಳಿಸೋದು?"

ಸಹಾಯಕರ ಹೆಂಡತಿಗೆ ಹೇಳಿಕಳಿಸಿದೆ. ಗಂಡನ ಮಾತ್ರೆ, ಲುಂಗಿಗಳೊಂದಿಗೆ ಬಂದ ಆಕೆ ಬಾಗಿಲಲ್ಲೇ ಕಣ್ಣೊರೆಸಿಕೊಂಡರು. "ಸ್ವಲ್ಪ ದಿನ ಇಲ್ಲೇ ಇರಲಿ ಅಣ್ಣಾ. ಮನೇಲಿ ಅಮ್ಮನಿಗೆ ಕಣ್ಣು ಕಾಣಲ್ಲ. ಇಬ್ಬರನ್ನೂ ನೋಡ್ಕೊಳ್ಳೋ ಶಕ್ತಿ ನನಗಿಲ್ಲ." ನನಗಿದೆಯೇ ಎಂದು ಆಕೆ ಕೇಳಲಿಲ್ಲ. ಚೀಲ ಇಸಿದುಕೊಂಡೆ.

ಕೊನೆಗೆ ತಮ್ಮ ಅಧಿಕಾರಿಣಿ ಪರಿಶೀಲನೆಗೆ ಬಂದರು. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಲ್ಲೇ ಕಣ್ಣು ಮುಚ್ಚುತ್ತಿದ್ದೆ. "ಇಲ್ಲಿ ಆರೈಕೆ ಬೇಕಾಗಿರೋರು ಯಾರು?" ಎಂದರು. ಅಕ್ಕ ತನ್ನ ಎಡಗೈ ಎತ್ತಿ ನನ್ನತ್ತ ತೋರಿಸಿದಳು. ಮಂಚದ ಮೇಲಿದ್ದ ಸಹಾಯಕರೂ ನನ್ನನ್ನೇ ತೋರಿಸಿದರು. ನನಗೆ ಅಳು ಬಂತು. ಅಧಿಕಾರಿಣಿಗೆ ಬರಲಿಲ್ಲ. ಮರುವಾರ ತಮ್ಮ ಆದೇಶ ಬಂತು: "ಸದರಿ ಮನೆಯಲ್ಲಿ ಇಬ್ಬರು ವಯಸ್ಕ ಗಂಡಸರು ವಾಸವಿರುವುದರಿಂದ ನೆರವಿನ ಅಗತ್ಯ ಕಂಡುಬರುವುದಿಲ್ಲ." ಎಂಥ ಸೂಕ್ಷ್ಮ ದೃಷ್ಟಿ! ಆ ಎರಡನೆಯ ಗಂಡಸನ್ನು ಕಳಿಸಿದ್ದು ಯಾರು ಸ್ವಾಮಿ?

ಅವರನ್ನು ಹೊರಹಾಕಿ ಎಂದು ನಾನು ಕೇಳುತ್ತಿಲ್ಲ. ಮಲಗಿದಲ್ಲಿಂದಲೇ ಅವರು ಅಕ್ಕನಿಗೆ ಏನಾದರೊಂದು ಹೇಳುತ್ತಿರುತ್ತಾರೆ, ಅವಳು ನಗುತ್ತಾಳೆ. ನನಗೆ ಅವಳೊಡನೆ ಮಾತಾಡಲು ತ್ರಾಣವಿಲ್ಲದೆ ಎಷ್ಟೋ ಕಾಲವಾಗಿತ್ತು. ಕೇಳುವುದು ಇಷ್ಟೇ: ಆ ಆದೇಶ ರದ್ದು ಮಾಡಿ. ಅವರ ಸೊಂಟಕ್ಕೆ ಚಿಕಿತ್ಸೆ ಕೊಡಿಸಿ, ಅವರ ಹೆಂಡತಿಗೂ ಒಬ್ಬರನ್ನು ಕಳಿಸಿ. ನನಗೆ, ಜೀವವಿರುವ ಮನುಷ್ಯರನ್ನು ಎತ್ತಿ ಅಭ್ಯಾಸವಿರುವವರನ್ನು ಕಳಿಸಿ. ಹಾಗೆ ಎತ್ತುವುದನ್ನು ನನಗೂ ಕಲಿಸಿ. ನಂಬಿಕೆ ಬಾರದಿದ್ದರೆ ಖುದ್ದು ಬನ್ನಿ. ಬಂದಾಗ ದಯವಿಟ್ಟು ಬಾಗಿಲು ಬಡಿಯಬೇಡಿ. ಮೂವರಲ್ಲಿ ಒಬ್ಬರಿಗಾದರೂ ಆಗಷ್ಟೇ ನಿದ್ದೆ ಹತ್ತಿರುತ್ತದೆ.

ಇಂತಿ,
ಬೆನ್ನು ನೆಟ್ಟಗಿರುವವರೆಗೆ ತಮ್ಮವನೇ ಆದ,
ಒಬ್ಬ ದರ್ಜಿ