ಪಿಸ್ತೂಲಿಗೆ ಕೂರಿಸದೆ ಆರಿಸಿದ ಕೆಂಪು ಚುಕ್ಕೆ

ಶೂಟಿಂಗ್ ಸಂಘದ ಸಾಮಗ್ರಿ ಖರೀದಿ ಸಮಿತಿಯ ಅಧ್ಯಕ್ಷರೇ,

‘ಮಾನ್ಯರೇ’ ಎಂಬ ಪದವನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಪತ್ರ ಮುಗಿಯಲಿ, ಕೊಡುವುದೋ ಬಿಡುವುದೋ ನೋಡೋಣ. ಸಂಘದ ಪಿಸ್ತೂಲುಗಳಿಗೆಂದು ನೀವು ಆರಿಸಿ ತಂದ ರೆಡ್ ಡಾಟ್ ಸೈಟ್ ನನ್ನ ತಂಗಿಯ ಎಡ ಅಂಗೈಯನ್ನು ತೂತು ಮಾಡಿದೆ. ಅದೇ ಸೈಟ್ ಉಳಿದೆಲ್ಲ ಪಿಸ್ತೂಲುಗಳ ಮೇಲೆ ಇಂದಿಗೂ ಕೂತಿದೆ. ಬರುವ ಭಾನುವಾರ ಪಂದ್ಯವಿದೆ, ಎಲ್ಲರೂ ಅದನ್ನೇ ಬಳಸತಕ್ಕದ್ದು ಎಂದು ನೀವು ಆಜ್ಞೆ ಹೊರಡಿಸಿದ್ದೀರಿ.

ನಾನು ಮಾಂಸದಂಗಡಿಯವನು. ಪಿಸ್ತೂಲಿನ ಗಂಧಗಾಳಿ ನನಗಿಲ್ಲ. ಗೊತ್ತಿರುವಷ್ಟನ್ನು ತಂಗಿ ಊಟ ಮಾಡುತ್ತಾ ಹೇಳಿಕೊಟ್ಟಿದ್ದಾಳೆ. ಸೈಟ್ ಅಂದರೆ ಪಿಸ್ತೂಲಿನ ನೆತ್ತಿಯ ಮೇಲೆ ಕೂರುವ, ಬೆಂಕಿಪೊಟ್ಟಣದಷ್ಟಿರುವ ಸಾಧನ. ಅದರ ಗಾಜಿನಲ್ಲಿ ಕೆಂಪು ಚುಕ್ಕೆ ಹೊಳೆಯುತ್ತದೆ, ಚುಕ್ಕೆ ನಿಂತಲ್ಲಿಗೆ ಗುಂಡು ಹೋಗುತ್ತದೆ. ಅವಳ ಪಂದ್ಯದಲ್ಲಿ ಒಂದೇ ಕೈಗೆ ಕೆಲಸ. ಇನ್ನೊಂದನ್ನು ಜೇಬಿಗಿಳಿಸಿ ನಿಲ್ಲುವುದು ಅವರಲ್ಲಿ ರೂಢಿ. ಮೈ ಓಲಾಡಬಾರದು, ಬಿಡುವಾಗಿರುವ ಕೈ ಹೋಗಬಾರದ ಕಡೆ ಹೋಗಬಾರದು ಎಂದು. ಎಂಥ ಬುದ್ಧಿವಂತ ರೂಢಿ! ಅದನ್ನು ಹಾಳು ಮಾಡಲು ಒಂದು ಸಮಿತಿಯೇ ಬೇಕಾಯಿತು.

ನೀವು ಸೈಟ್ ಆರಿಸಿದ ಆ ಘನಕಾರ್ಯಕ್ಕೆ ನನ್ನ ತಂಗಿಯೂ ಸಾಕ್ಷಿ. ಆಟಗಾರರ ಪರವಾಗಿ ಅವಳನ್ನು ಕರೆಸಿದ್ದಿರಿ, ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂರಿಸಿದ್ದಿರಿ. ಮೇಜಿನ ಮೇಲೆ ಮೂರು ಮಾದರಿಗಳಿದ್ದವು. ನೀವು ಒಂದನ್ನು ಎರಡು ಬೆರಳಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಕಿಟಕಿಯಾಚೆಯ ನೀರಿನ ಟ್ಯಾಂಕಿಗೆ ಗುರಿಯಿಟ್ಟಿರಿ. ಗಾಜಿನ ಬುಡದಲ್ಲಿ, ಮುಂಭಾಗದಲ್ಲೇ ಇದ್ದ ಬಟನ್ ಒತ್ತಿದಿರಿ, ಚುಕ್ಕೆ ಹೊತ್ತಿತು. “ಎಷ್ಟು ಸಲೀಸು ನೋಡಿ! ಅಲುಗಾಡದೇ ಇದ್ರೆ ತಾನಾಗೇ ಆರಿಹೋಗುತ್ತೆ, ಬ್ಯಾಟರಿ ಉಳಿಯುತ್ತೆ” ಅಂದಿರಿ.

“ಸರ್, ಒಂದ್ಸಲ ಪಿಸ್ತೂಲ್ ಮೇಲೆ ಕೂರಿಸಿ ನೋಡೋಣ” ಅಂದಳು ತಂಗಿ.

“ಆಫೀಸಿಗೆ ಪಿಸ್ತೂಲ್ ತರೋ ಹಾಗಿಲ್ಲಮ್ಮ. ನಿಯಮ ಗೊತ್ತಿಲ್ವಾ ನಿಮ್ಗೆ?”

ನಿಯಮ ಮುರಿಯದೆ ಆರಿಸಿದಿರಿ, ಸರಿ. ಆದರೆ ಶೂಟಿಂಗ್ ಅಂಗಳ ನಿಮ್ಮ ಕೋಣೆಯಿಂದ ಮೆಟ್ಟಿಲಿಳಿದರೆ ಸಿಗುತ್ತದಲ್ಲವೇ? ಕಾಲು ನೋಯುತ್ತಿತ್ತೇ? ನನ್ನ ಅಂಗಡಿಗೆ ಬರುವ ಗಿರಾಕಿ ಕೂಡ ಒಂದು ತುಂಡನ್ನು ತಿರುಗಿಸಿ ಮುರುಗಿಸಿ ನೋಡಿಯೇ ಚೀಲಕ್ಕೆ ಹಾಕಿಸಿಕೊಳ್ಳುವುದು.

ಪಿಸ್ತೂಲಿನ ಮೇಲೆ ಕೂತಾಗ ಆ ಸಲೀಸು ಬಟನ್ ಎಲ್ಲಿರುತ್ತದೆ ಗೊತ್ತೇ? ನಳಿಕೆಯ ಬಾಯಿಯ ಮೇಲೆ. ಅದನ್ನು ಒತ್ತಲು ಎಡಗೈ ಮುಂದೆ ಹೋಗಬೇಕು, ಅಂಗೈ ನಳಿಕೆಗೆ ಅಡ್ಡ ಬರಬೇಕು. ಇನ್ನು ನಿಮ್ಮ ಬ್ಯಾಟರಿ ಉಳಿತಾಯದ ಕಥೆ. ನನ್ನ ತಂಗಿಯ ಕೈ ಕಲ್ಲಿನಂತೆ ನಿಲ್ಲುತ್ತದೆ, ವರ್ಷಗಟ್ಟಲೆ ಬೆವರು ಸುರಿಸಿ ಕಲಿತದ್ದು. ಸೈಟಿಗೆ ಅನ್ನಿಸಿತು, ಪಿಸ್ತೂಲು ಸುಮ್ಮನೆ ಬಿದ್ದಿದೆ ಎಂದು. ಚುಕ್ಕೆ ಆರಿತು. ಕೈ ನಡುಗುವವರಿಗೆ ಅದು ಆರುವುದೇ ಇಲ್ಲ. ನಿಮ್ಮ ಸೈಟ್ ಹುಡುಕಿ ಹುಡುಕಿ ಶಿಕ್ಷಿಸಿದ್ದು ಅಂಗಳದ ಅತ್ಯಂತ ಸ್ಥಿರವಾದ ಕೈಯನ್ನು.

ಗುಂಡು ಹಾರಿಸಲು ಕೊಟ್ಟ ಸಮಯ ಓಡುತ್ತಿತ್ತು. ಜೇಬಿನಲ್ಲಿದ್ದ ಕೈ ಹೊರಬಂತು, ಬಟನ್ ಒತ್ತಿತು, ಆ ಒತ್ತಡಕ್ಕೆ ಬಲಗೈ ಬಿಗಿಯಾಗಿ ಟ್ರಿಗರ್ ಎಳೆದುಬಿಟ್ಟಿತು. ಸಣ್ಣ ಗುಂಡು, ನಿಜ. ಒಳಹೋಗುವಾಗ ಸಣ್ಣ ತೂತು ಮಾಡಿ ಹೋಯಿತು. ಹೊರಬಿದ್ದ ಕಡೆ ಮಾತ್ರ ಚರ್ಮ ಹರಿದು ಹೊರಕ್ಕೆ ಮಡಚಿಕೊಂಡಿತ್ತು, ಒಳಗಿನ ಮೂಳೆ ಚೂರಾಗಿ ಬೆಳ್ಳಗೆ ಇಣುಕುತ್ತಿತ್ತು. ಸುದ್ದಿ ತಿಳಿದು ಅಂಗಡಿಯ ಏಪ್ರನ್ನಿನಲ್ಲೇ ಅಂಗಳಕ್ಕೆ ಓಡಿದೆ. ದಿನಕ್ಕೆ ಬಕೆಟ್ಟುಗಟ್ಟಲೆ ರಕ್ತ ತೊಳೆಯುವವನು ನಾನು. ಅವಳ ಬೆರಳ ತುದಿಯಿಂದ ತೊಟ್ಟಿಕ್ಕುತ್ತಿದ್ದ ರಕ್ತ ಕಂಡು ಗೋಡೆ ಹಿಡಿದು ವಾಂತಿ ಮಾಡಿಕೊಂಡೆ. “ಅಣ್ಣಾ, ಬೆರಳು ಟ್ರಿಗರ್‌ನಿಂದ ತೆಗೀಬೇಕಿತ್ತು ಕಣೋ, ತಪ್ಪು ನಂದೇ” ಅಂತ ಅವಳೇ ನನ್ನನ್ನು ಸಮಾಧಾನ ಮಾಡಿದಳು.

ನೀವೂ ಅದನ್ನೇ ವರದಿಯಲ್ಲಿ ಬರೆದಿರಿ: “ಆಟಗಾರ್ತಿಯ ಅಜಾಗರೂಕತೆ. ಸಾಮಗ್ರಿಯಲ್ಲಿ ದೋಷವಿಲ್ಲ.” ಅವಳು ತಪ್ಪು ಒಪ್ಪಿಕೊಂಡಳು, ಆ ಒಪ್ಪಿಗೆಯನ್ನು ಛತ್ರಿ ಮಾಡಿಕೊಂಡು ನೀವು ನಿಂತಿರಿ. ನಾಚಿಕೆಯಾಗಲಿಲ್ಲವೇ? ನನ್ನ ಅಂಗಡಿಯಲ್ಲೊಂದು ಕೈಮಾ ಯಂತ್ರವಿದೆ. ಅದರ ಸ್ವಿಚ್ಚನ್ನು ಮಾಡಿದವನು ಪಕ್ಕದಲ್ಲಿಟ್ಟಿದ್ದಾನೆ, ಬ್ಲೇಡುಗಳ ನಡುವೆ ಇಟ್ಟಿಲ್ಲ. ಏಕೆಂದರೆ ಮನುಷ್ಯ ಒಂದಲ್ಲ ಒಂದು ದಿನ ಎಡವುತ್ತಾನೆ ಎಂದು ಅವನಿಗೆ ಗೊತ್ತಿತ್ತು.

ವರದಿ ಓದಿದ ಮರುದಿನ ಕೊಚ್ಚುವ ದಿಮ್ಮಿಯ ಮೇಲೆ ಪ್ರತಿ ಏಟಿಗೂ ನಿಮ್ಮ ಮುಖವೇ ಕಾಣುತ್ತಿತ್ತು. ಎಷ್ಟು ಹೊತ್ತು ಕೊಚ್ಚಿದೆನೋ, ದಿಮ್ಮಿ ಸೀಳಿಹೋಯಿತು. ಮಾಂಸ ಯಾರೂ ಕೊಳ್ಳದ ಹಾಗೆ ನುಚ್ಚುನೂರಾಗಿತ್ತು. ಆಮೇಲೆ ಕತ್ತಿ ತೊಳೆದು, ಒರೆಸಿ, ಮೊಳೆಗೆ ತೂಗುಹಾಕಿ, ಈ ಪತ್ರಕ್ಕೆ ಕೂತೆ. ಯಾವುದು ನಿಮಗೆ ಹೆಚ್ಚು ನೋಯುತ್ತದೆಂದು ಯೋಚಿಸಿಯೇ ಕೂತೆ.

ನನ್ನ ತಂಗಿ ಕೂದಲು ಕತ್ತರಿಸುವ ಕಸುಬಿನವಳು. ಎಡಗೈಯಲ್ಲಿ ಬಾಚಣಿಗೆ, ಬಲಗೈಯಲ್ಲಿ ಕತ್ತರಿ. ಈಗ ಬಾಚಣಿಗೆ ಹಿಡಿಯುವ ಬೆರಳುಗಳು ಮಡಚುವುದಿಲ್ಲ. ಆ ಕೈಯನ್ನು ಅವಳು ಜೇಬಿನಲ್ಲೇ ಇಟ್ಟುಕೊಳ್ಳುತ್ತಾಳೆ, ಮನೆಯಲ್ಲಿ, ಬಸ್ಸಿನಲ್ಲಿ, ನನ್ನ ಎದುರಲ್ಲೂ.

ನನ್ನ ಬೇಡಿಕೆ ಒಂದೇ. ಭಾನುವಾರ ಪಂದ್ಯಕ್ಕೆ ಮುಂಚೆ ಮೆಟ್ಟಿಲಿಳಿದು ಬನ್ನಿ. ಎಲ್ಲರೆದುರು ಪಿಸ್ತೂಲು ಎತ್ತಿ ಹಿಡಿದು, ನೀವು ಆರಿಸಿದ ಆ ಬಟನ್ನನ್ನು ನಿಮ್ಮ ಎಡಗೈಯಲ್ಲಿ ಒತ್ತಿ. ಕೈ ಹಿಂಜರಿಯದೆ ಮುಂದೆ ಹೋದರೆ ನಾನು ಅಲ್ಲೇ ಕ್ಷಮೆ ಕೇಳಿ ‘ಮಾನ್ಯರೇ’ ಅನ್ನುತ್ತೇನೆ. ಹಿಂಜರಿದರೆ, ಅಷ್ಟೂ ಸೈಟುಗಳನ್ನು ಅಲ್ಲೇ ಬಿಚ್ಚಿಸಿ. ಹೆದರಬೇಡಿ, ಪಿಸ್ತೂಲು ಖಾಲಿ ಇರುತ್ತದೆ. ಗುಂಡುಗಳನ್ನು ನನ್ನ ತಂಗಿಯೇ ನಿಮ್ಮೆದುರು ತೆಗೆಯುತ್ತಾಳೆ. ಒಂದೇ ಕೈಯಲ್ಲಿ ತೆಗೆಯುವುದನ್ನು ಈಗ ಕಲಿತಿದ್ದಾಳೆ.

ಇಂತಿ,
ತನ್ನ ಎರಡೂ ಕೈ ನೆಟ್ಟಗಿರುವುದಕ್ಕೆ ತಂಗಿಯ ಮುಖ ನೋಡಲಾಗದ ಒಬ್ಬ ಅಣ್ಣ