ಸಾಲು ತೋರಿಸಿ

ನಮ್ಮ ಮನೆ, ಅಡುಗೆಮನೆಯ ಮೇಜು
ಭಾನುವಾರ, ನವೆಂಬರ್ ೧೬

ಪ್ರೀತಿಯ ಅತ್ತೆ,

ಮೊದಲು ನಿಮ್ಮ ಮಂಡಿಯ ಸಮಾಚಾರ ಹೇಳಿ. ಆಪರೇಷನ್ ಆದ ಕಾಲನ್ನು ಈಗ ಪೂರ್ತಿ ಮಡಚಲು ಆಗುತ್ತಿದೆಯೇ? ವ್ಯಾಯಾಮ ಮಾಡಿಸಲು ಬರುವ ಹುಡುಗಿಗೆ ನೀವು "ಇವತ್ತು ಮೋಡ ಇದೆ, ನಾಳೆ ಮಾಡೋಣ" ಎಂದು ಸಾಗಹಾಕುತ್ತೀರಂತೆ. ನಿಮ್ಮ ಮಗಳೇ ಚಾಡಿ ಹೇಳಿದಳು. ಮೋಡಕ್ಕೂ ಮಂಡಿಗೂ ಯಾವ ನೆಂಟಸ್ತಿಕೆ ಅತ್ತೆ? ಮಗಳ ಮನೆ ಎಂದು ಸಂಕೋಚಪಡಬೇಡಿ, ಬಿಸಿನೀರೋ ಇನ್ನೊಂದು ದಿಂಬೋ ಬೇಕಾದರೆ ಬಾಯಿಬಿಟ್ಟು ಕೇಳಿ. ಫೋನಿನಲ್ಲಿ ನಾನೊಂದು ಹೇಳಿದರೆ ನಿಮಗಿನ್ನೊಂದು ಕೇಳಿಸುತ್ತದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇಲ್ಲಿ ನಾನು ಚೆನ್ನಾಗಿದ್ದೇನೆ. ನಿಮ್ಮ ಕೋಣೆಯ ಕಿಟಕಿಯನ್ನು ದಿನಾ ತೆರೆದಿಟ್ಟು ಗಾಳಿಯಾಡಿಸುತ್ತಿದ್ದೇನೆ. ಒಬ್ಬಳಿಗೇ ಅಡುಗೆ ಮಾಡುವ ಅಂದಾಜು ಮಾತ್ರ ಇನ್ನೂ ಸಿಕ್ಕಿಲ್ಲ, ರಾತ್ರಿಯದು ಬೆಳಗ್ಗೆಗೂ ಉಳಿಯುತ್ತದೆ.

ನೀವು ಬಲವಂತವಾಗಿ ಸೇರಿಸಿದ ಇಂಗ್ಲಿಷ್ ಕ್ಲಾಸು ಈ ವಾರ ಮುಗಿಯಿತು. ಕನ್ನಡಕದ ಅಂಗಡಿಯಲ್ಲಿ ಇಷ್ಟು ವರ್ಷ ದುಡಿದರೂ ನಾನು ಓದಿದ ಇಂಗ್ಲಿಷ್ ಎಂದರೆ ಕಣ್ಣು ಪರೀಕ್ಷೆಯ ಪಟದಲ್ಲಿ ಕೆಳಗಿಳಿಯುತ್ತ ಸಣ್ಣಗಾಗುವ ಆ ಅಕ್ಷರಗಳಷ್ಟೇ. ಕಣ್ಣು ಪರೀಕ್ಷಿಸುವ ತರಬೇತಿಗೆ ಹೋಗಬೇಕಾದರೆ ಇಂಗ್ಲಿಷ್ ಪಾಸಾಗಿರಬೇಕು ಎಂದು ಮಾಲೀಕರು ಹೇಳಿದ ದಿನವೇ ನಾನು ಆ ಆಸೆಗೆ ಎಳ್ಳುನೀರು ಬಿಟ್ಟಿದ್ದೆ. ನೀವು ಬಿಡಬೇಕಲ್ಲ! "ಅವನು ಹೋದಾಗಿಂದ ಗೋಡೆ ನೋಡ್ಕೊಂಡು ಕೂತಿದ್ದೀಯ. ಆ ಗೋಡೆ ಏನಾದ್ರೂ ಮಾತಾಡ್ತಾ? ಹೋಗು, ನಾಲ್ಕು ಜನರ ಜೊತೆ ಕೂತ್ಕೋ" ಎಂದು ಚೀಲವನ್ನು ಕೈಗಿಟ್ಟು ಒಳಗಿನಿಂದ ಚಿಲಕ ಹಾಕಿಕೊಂಡಿರಿ. ನಿಮ್ಮ ಮಗ ತೀರಿಕೊಂಡ ಮೇಲೆ ಸಂಜೆಯ ಹೊತ್ತು ನಾನು ಮನೆಯಿಂದ ಹೊರಟದ್ದು ಅದೇ ಮೊದಲು. ಮೆಟ್ಟಿಲಿಳಿಯುವಾಗ ನಿಮ್ಮನ್ನು ಮನಸ್ಸಿನಲ್ಲೇ ಬೈದುಕೊಂಡೆ. ಈಗ ಹೇಳಿದರೆ ತಪ್ಪಿಲ್ಲ.

ಮೊದಲ ದಿನದ ದೋಣಿಯ ಕಥೆ ನಿಮಗೆ ಗೊತ್ತೇ ಇದೆ, ಆದರೂ ಇನ್ನೊಮ್ಮೆ ಹೇಳುವ ಆಸೆ. ವ್ಯಾಕರಣ ಕಲಿಸುತ್ತಾರೆ ಎಂದುಕೊಂಡು ಹೋದರೆ, ನನಗಿಂತ ಎಷ್ಟೋ ಚಿಕ್ಕವರಾದ ಮೇಡಂ ಮೊದಲ ದಿನವೇ ಒಂದು ಪದ್ಯ ಹಂಚಿದರು. ದಡಕ್ಕೆ ಕಟ್ಟಿದ ದೋಣಿ, ಹಗ್ಗ ಸಡಿಲವಾಗಿದೆ, ಬಿಗಿ ಮಾಡಲು ಯಾರೂ ಬರುವುದಿಲ್ಲ. ಪದ್ಯ ಅಷ್ಟೇ. ದೋಣಿ ಎಂದರೆ ಏನು ಎಂದು ಮೇಡಂ ಕೇಳಿದರು. ಒಬ್ಬರು ಜೀವ ಎಂದರು, ಒಬ್ಬರು ಆತ್ಮ ಎಂದರು, ನನ್ನ ಪಕ್ಕದ ನರ್ಸ್ ಹುಡುಗಿ ಸಾವೇ ಎಂದಳು. ಆಗ ಹಿಂದಿನ ಬೆಂಚಿನಿಂದ, ಲಿಫ್ಟ್ ರಿಪೇರಿ ಮಾಡುವವರೊಬ್ಬರು, "ದೋಣಿ ಅಂದ್ರೆ ದೋಣಿ ಮೇಡಂ. ಪಾಪ, ಅದನ್ನ ಅದರ ಪಾಡಿಗೆ ಬಿಟ್ಬಿಡಿ" ಎಂದರು. ಎಲ್ಲರೂ ಗೊಳ್ಳೆಂದರು. ಮೇಡಂ ಮಾತ್ರ ನಗಲಿಲ್ಲ. "ಅವರು ಹೇಳೋದು ಸರಿ. ಮೊದಲು ಅದು ನೀರಲ್ಲಿ ತೇಲೋ ದೋಣಿ ಆಗಿರ್ಬೇಕು. ಆಮೇಲೆ ನೀವು ಏನು ಬೇಕಾದ್ರೂ ತುಂಬಿ. ಆದ್ರೆ ಅದು ಪದ್ಯದಲ್ಲಿ ಎಲ್ಲಿದೆ, ಸಾಲು ತೋರಿಸಿ" ಎಂದರು. ಅಂದಿನಿಂದ ಯಾರು ಏನೇ ಹೇಳಲಿ, ಮೇಡಂ ಬಾಯಲ್ಲಿ ಅದೊಂದೇ ಮಾತು. ನನಗೂ ಅದು ಎಷ್ಟು ಅಂಟಿತೆಂದರೆ, "ಫ್ರೇಮಿಗೆ ಗ್ಯಾರಂಟಿ ಇದೆ ಅಂದಿದ್ರಿ" ಎಂದು ಜಗಳಕ್ಕೆ ಬಂದ ಗಿರಾಕಿಗೆ "ಸಾಲು ತೋರಿಸಿ" ಎಂದುಬಿಟ್ಟೆ. ಮಾಲೀಕರು ಅಡ್ಡ ಬಂದು ಕಾಪಾಡಿದರು.

ಆಮೇಲೆ ಒಂದು ಸಣ್ಣ ಕಥೆ ಬಂತು. ಗಂಡ ಸತ್ತ ಹೆಂಗಸೊಬ್ಬಳು, ಮಳೆಯಲ್ಲಿ ನೆನೆಯುತ್ತ ಬಾಗಿಲಿಗೆ ಬಂದ ಅಪರಿಚಿತನಿಗೆ ಗಂಡನ ಮಳೆಕೋಟು ಕೊಟ್ಟು ಕಳಿಸುತ್ತಾಳೆ. ಮೊದಲ ಓದಿನಲ್ಲಿ ನನಗೆ ಅರ್ಧ ಅರ್ಥವಾಗಲಿಲ್ಲ. ಒಂದೊಂದು ಪದಕ್ಕೂ ನಿಘಂಟು ತಿರುವಿದೆ. ಕ್ಲಾಸಿನಲ್ಲಿ ಲಿಫ್ಟ್ ರಿಪೇರಿಯವರು ಎದ್ದು ನಿಂತು, "ಇವಳಿಗೆ ಗಂಡನ ಮೇಲೆ ಪ್ರೀತಿನೇ ಇರ್ಲಿಲ್ಲ. ಇದ್ದಿದ್ರೆ ಅವನ ಕೋಟು ಇನ್ನೊಬ್ಬನ ಮೈಮೇಲೆ ಹಾಕ್ತಿದ್ಲಾ?" ಎಂದರು. ಅತ್ತೆ, ಯಾಕೋ ಗೊತ್ತಿಲ್ಲ, ನನ್ನ ಕಿವಿಯೆಲ್ಲ ಬಿಸಿಯಾಯಿತು. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಎದ್ದೆ. ಹರಕು ಮುರುಕು ಇಂಗ್ಲಿಷಿನಲ್ಲೇ ಆ ಸಾಲನ್ನು ಓದಿದೆ. ಕೋಟು ಕೊಡುವ ಮುಂಚೆ ಆಕೆ ಅದರ ಜೇಬಿಗೆ ಕೈಹಾಕಿ, ಮಾಸಿದ ಬಸ್ ಟಿಕೆಟೊಂದನ್ನು ತೆಗೆದು ತನ್ನ ಮುಷ್ಟಿಯಲ್ಲಿ ಇಟ್ಟುಕೊಳ್ಳುತ್ತಾಳೆ. "ಕೋಟು ಕೊಟ್ಟಿದ್ದಾಳೆ. ಗಂಡನನ್ನ ಕೊಟ್ಟಿಲ್ಲ" ಎಂದೆ. ಇಷ್ಟನ್ನು ಹೇಳುವಷ್ಟರಲ್ಲಿ ನನ್ನ ಇಂಗ್ಲಿಷ್ ಮುಗಿದಿತ್ತು. ಮೇಡಂ ಹಲಗೆಯ ಮೇಲೆ ಆ ಸಾಲನ್ನು ಬರೆದು ಕೆಳಗೆ ಗೆರೆ ಎಳೆದರು. ಏನೇನೋ ನೆನಪಾಗಿ ಕೂತೆ. ಆದರೆ ಎದೆ ಹಗುರವಾಗಿತ್ತು.

ಕ್ಲಾಸು ಬಿಟ್ಟ ಮೇಲೆ ಆ ಲಿಫ್ಟಿನವರು ಮೆಟ್ಟಿಲ ಬಳಿ ಕಾದಿದ್ದರು. ಲಿಫ್ಟ್ ರಿಪೇರಿಯವರು ಓದಲು ಬರುವ ಕಟ್ಟಡದಲ್ಲಿ ಲಿಫ್ಟೇ ಇಲ್ಲ, ಅವರ ಹಣೆಬರಹ ನೋಡಿ. "ನೀವು ಹೇಳಿದ್ದು ಸರಿ. ಆ ಸಾಲು ನನ್ನ ಕಣ್ಣಿಗೇ ಬಿದ್ದಿರಲಿಲ್ಲ" ಎಂದರು. "ಹಾಗಾದ್ರೆ ಅಂಗಡಿಗೆ ಬನ್ನಿ, ಕಣ್ಣು ತೋರಿಸ್ಕೊಳ್ಳಿ" ಎಂದು ಚುಚ್ಚಿದೆ. ಮರುದಿನ ಬಂದೇಬಿಟ್ಟರು! ನಿಜವಾಗಿಯೂ ಹತ್ತಿರದ ಅಕ್ಷರ ಅವರಿಗೆ ಕಾಣಿಸುತ್ತಿರಲಿಲ್ಲ. ಆರಿಸಿದ ಫ್ರೇಮು ನೋಡಬೇಕಿತ್ತು, ಗೂಬೆಯೂ ನಾಚಬೇಕು. ನಾನೇ ಬೇರೆ ಕೊಟ್ಟೆ. ಕಿವಿಯ ಹಿಂದೆ ಕಡ್ಡಿ ಒತ್ತದಂತೆ ಬಗ್ಗಿಸಿ ಸರಿಮಾಡುತ್ತಿದ್ದಾಗ, ತಮ್ಮ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತೆಂದೂ ಆಕೆಯ ಚಪ್ಪಲಿ ಇನ್ನೂ ಬಾಗಿಲ ಹತ್ತಿರವೇ ಇದೆಯೆಂದೂ ಹೇಳಿದರು. ಕ್ಲಾಸಿನಲ್ಲಿ ಅವರು ಅಷ್ಟು ಸಿಡುಕಿದ್ದು ಯಾಕೆಂದು ಆಗ ತಿಳಿಯಿತು.

ಕೊನೆಯ ಪರೀಕ್ಷೆಗೆ ಇಬ್ಬಿಬ್ಬರು ಸೇರಿ ಒಂದು ಕಥೆಯನ್ನು ಬಿಡಿಸಿ ಹೇಳಬೇಕಿತ್ತು. ನರ್ಸ್ ಹುಡುಗಿ ನನ್ನನ್ನು ಅವರ ಬೆಂಚಿನತ್ತ ತಳ್ಳಿ ತಾನು ಬೇರೆ ಜೊತೆ ಹುಡುಕಿಕೊಂಡಳು, ಕಿಲಾಡಿ. ವಾರಗಟ್ಟಲೆ ಕಿತ್ತಾಡಿದೆವು. ಅವರು ಕಥೆಯನ್ನು ಯಂತ್ರದ ಹಾಗೆ ಬಿಚ್ಚುತ್ತಾರೆ, ಯಾವ ಭಾಗ ಯಾವುದನ್ನು ಎತ್ತುತ್ತದೆ ಎಂದು. ನಾನು ಆ ಜನರ ಹೊಟ್ಟೆಯೊಳಗೆ ಹೊಕ್ಕು ಕೂರುತ್ತೇನೆ. ಎರಡೂ ಬೇಕು ಎಂದು ಮೇಡಂ ನಮಗೆ ಒಳ್ಳೆಯ ಅಂಕ ಕೊಟ್ಟರು. ಹೌದು ಅತ್ತೆ, ನಿಮ್ಮ ಸೊಸೆ ಪಾಸು! ತರಬೇತಿ ಜನವರಿಯಿಂದ. ಬಿಳಿ ಕೋಟು ಹಾಕಿಕೊಂಡು ಮೊದಲು ಪರೀಕ್ಷಿಸುವುದು ನಿಮ್ಮ ಕಣ್ಣನ್ನೇ.

ಔಷಧಿ ತಪ್ಪಿಸಬೇಡಿ. ನಿಮ್ಮ ಅಳಿಯಂದಿರಿಗೆ ನಮಸ್ಕಾರ ಹೇಳಿ, ಚಾಡಿಕೋರಿಗೆ ಒಂದು ಗುದ್ದು ಕೊಡಿ, ಮಕ್ಕಳಿಗೆ ಮುತ್ತು. ನಿಮ್ಮ ಕಾಲಿಗೆ ಬಿದ್ದೆ ಎಂದುಕೊಳ್ಳಿ, ಆಪರೇಷನ್ ಆದ ಕಾಲನ್ನು ಮುಟ್ಟದೆ.

ನಿಮ್ಮ
ವಟವಟ ಸೊಸೆ

ಮರೆತಿದ್ದೆ: ಮರೆತಿರಲಿಲ್ಲ, ಸುಳ್ಳು. ಇಷ್ಟು ಪುಟ ಸುತ್ತು ಹೊಡೆದದ್ದೇ ಇದಕ್ಕೆ. ಲಿಫ್ಟ್ ರಿಪೇರಿಯವರು ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದಾರೆ. ಅತ್ತೆಯನ್ನು ಕೇಳದೆ ಹೇಳಲಾರೆ ಎಂದೆ. "ಹಾಗಾದ್ರೆ ಅವರನ್ನ ಕೇಳ್ಬೇಕಾದವನು ನಾನು. ಅವರು ನಮ್ಮ ಜೊತೆ ಇರೋಕೆ ಒಪ್ತಾರಾ ಅಂತಾನೂ ಕೇಳ್ಬೇಕು" ಎಂದರು. ನಿಮ್ಮ ಉತ್ತರ ಬಂದ ಮೇಲೆ ಒಂದು ಭಾನುವಾರ ನನ್ನ ಜೊತೆ ಅಲ್ಲಿಗೆ ಬರುತ್ತೇನೆ ಎನ್ನುತ್ತಿದ್ದಾರೆ. ನನಗೆ ಇಷ್ಟವಿದೆ ಅತ್ತೆ. ಹೋದ ಪತ್ರದಲ್ಲಿ ನೀವು "ಆ ದೋಣಿಯವನು ಹೇಗಿದ್ದಾನೆ" ಎಂದು ಎರಡು ಸಲ ಕೇಳಿದ್ದಿರಿ, ಆ ಧೈರ್ಯದ ಮೇಲೆ ಬರೆದಿದ್ದೇನೆ. ಮಗ ಹೋದ ಮೇಲೂ ನನ್ನನ್ನು ಸೊಸೆ ಎಂದೇ ಕರೆದಿರಿ. ಇನ್ನು ಹಾಗೆ ಕರೆಯುವುದಿಲ್ಲವೇನೋ ಎಂಬ ಭಯ ಬಿಟ್ಟರೆ ಬೇರೆ ಭಯವಿಲ್ಲ. ಬೇಗ ಉತ್ತರ ಬರೆಯಿರಿ. ಬೈಗುಳವಿದ್ದರೆ ಒಳಗೆಲ್ಲಾದರೂ ಇರಲಿ, ನಿಧಾನವಾಗಿ ಓದಿಕೊಳ್ಳುತ್ತೇನೆ. ಲಕೋಟೆ ಒಡೆದವಳೇ ನಾನು ಮೊದಲು ನೋಡುವುದು, ನೀವು ನನ್ನನ್ನು ಏನೆಂದು ಕರೆದು ಪತ್ರ ಶುರುಮಾಡಿದ್ದೀರಿ ಎಂಬುದನ್ನು.