ನೀನು ಹಾಕದ ಲೈನು

ಹರಿತಾ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಚಿಕ್ಕಬಳ್ಳಾಪುರದ ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದೇನೆ. ಒಳಗೆ ಅಮ್ಮಿಯ ಬಾಯಿಗೆ ಕೊಳವೆ ಹಾಕಿದ್ದಾರೆ. ಮೊನ್ನೆಯಿಂದ ಕಣ್ಣು ಬಿಟ್ಟಿಲ್ಲ.

ರೇಷ್ಮೆಗೂಡು ಬೇಯಿಸುವ ಹಬೆ ಕುಡಿದು ಕುಡಿದು ಅವಳ ಶ್ವಾಸಕೋಶ ಸವೆದದ್ದು ನಿನಗೆ ಗೊತ್ತು. ಶಿಡ್ಲಘಟ್ಟದ ನಮ್ಮ ಮನೆಗೆ ಆಕ್ಸಿಜನ್ ಮಷೀನ್ ತಂದಾಗ ಪ್ಲಗ್ ಚುಚ್ಚಿಕೊಟ್ಟವಳೇ ನೀನು. “ಸಬ್‌ಸ್ಟೇಷನ್ ಇಂಜಿನಿಯರಮ್ಮ ಇರೋವಾಗ ನಂಗೇನು ಭಯ?” ಎಂದು ಅಮ್ಮಿ ನಕ್ಕಿದ್ದಳು.

ಮೊನ್ನೆ ಮಧ್ಯಾಹ್ನ ಕರೆಂಟು ಹೋಯಿತು, ಮಷೀನ್ ನಿಂತಿತು. ಮನೆಯಲ್ಲಿದ್ದ ಒಂದೇ ಸಿಲಿಂಡರನ್ನು ತುಂಬಿಸಲು ತಮ್ಮ ಸಲ್ಮಾನ್ ಒಯ್ದಿದ್ದ. ಅಮ್ಮಿಯ ತುಟಿ ನೀಲಿಗಟ್ಟುವುದನ್ನು ನೋಡುತ್ತಲೇ ನಿನಗೆ ಫೋನ್ ಮಾಡಿದೆ.

“ದೂರದಲ್ಲೆಲ್ಲೋ ಕರೆಂಟು ತಯಾರಿಸೋ ದೊಡ್ಡ ಯೂನಿಟ್ ನಿಂತೋಗಿದೆ ಕಣೇ ರೂಬಿ. ಮೀಸಲಿಟ್ಟಿದ್ದ ಪವರ್ರೂ ಸಾಕಾಗ್ಲಿಲ್ಲ. ಫ್ರೀಕ್ವೆನ್ಸಿ ಬಿದ್ದೋಯ್ತು, ಗ್ರಿಡ್ ಉಳಿಸೋಕೆ ರಿಲೇ ಸ್ವಿಚ್ಚು ತಾನಾಗೇ ನಿಮ್ಮ ಲೈನ್ ಕಟ್ ಮಾಡ್ತು” ಅಂದೆ ನೀನು.

“ಹಾಕಮ್ಮ, ಅಮ್ಮಿ ಹೋಗ್ಬಿಡ್ತಾಳೆ!”

“ಮೇಲಿಂದ ಹೇಳೋವರ್ಗೂ ಹಾಕಂಗಿಲ್ಲ. ಈ ಹೊತ್ತಲ್ಲಿ ಒಬ್ಬೊಬ್ರೂ ಹಿಂಗೇ ಹಾಕಿದ್ರೆ ಗ್ರಿಡ್ಡೇ ಕುಸಿದೋಗುತ್ತೆ, ರಾಜ್ಯವೆಲ್ಲಾ ಆಫ್. ಆಂಬುಲೆನ್ಸ್ ಕಳಿಸ್ತಿದೀನಿ, ಅಮ್ಮೀನ ಎತ್ತಿ ಕೂರಿಸ್ಕೋ.”

“ನಿಮ್ಮಮ್ಮ ಆಗಿದ್ರೆ?” ಎಂದು ಕಿರುಚಿದೆ. ನಿನ್ನ ಅಳು ಕೇಳಿಸಿತು. ಕರೆಂಟು ಮಾತ್ರ ಬರಲಿಲ್ಲ.

ನಿನ್ನೆ ಇಲ್ಲಿನ ನರ್ಸ್ ಕವಿತ ಹೇಳಿದಳು, ಆ ಹೊತ್ತಿನಲ್ಲಿ ಈ ಆಸ್ಪತ್ರೆಯಲ್ಲಿ ಕರೆಂಟು ಹೋಗಲೇ ಇಲ್ಲವಂತೆ. ಅಮ್ಮಿಯ ಪಕ್ಕದ ಮಂಚದಲ್ಲಿ ಮಂಡಿಕಲ್ ಕಡೆಯ ಬಾಣಂತಿಯೊಬ್ಬಳು ಆಗ ಮಷೀನಿನಲ್ಲೇ ಉಸಿರಾಡುತ್ತಿದ್ದಳಂತೆ. ಈ ಬೆಳಿಗ್ಗೆ ಅವಳ ಕೊಳವೆ ತೆಗೆದರು. ಅವಳ ಗಂಡ ಕಂಡವರಿಗೆಲ್ಲ ಕಾಫಿ ಕೊಟ್ಟ. ನನಗೂ ಕೊಟ್ಟ, ಕುಡಿದೆ. ಗ್ರಿಡ್ ಕುಸಿದಿದ್ದರೆ ಅವಳ ಮಷೀನೂ ನಿಲ್ಲಬಹುದಿತ್ತು. ನೀನು ಯಾಕೆ ಹಾಕಲಿಲ್ಲವೆಂದು ಈಗ ಅರ್ಥವಾಗಿದೆ, ಹರಿತಾ. ಆದರೆ ಎದೆ ಒಪ್ಪುತ್ತಿಲ್ಲ. ಅವಳು ಉಳಿಯುವುದಾದರೆ ನನ್ನ ಅಮ್ಮಿ ಯಾಕಲ್ಲ ಎಂದು ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿದೆ.

ಸಂಜೆ ಡಾಕ್ಟರು ಮಾತಾಡಬೇಕೆಂದು ಕರೆದಿದ್ದಾರೆ. ಏನು ಕೇಳುತ್ತಾರೆಂದು ಗೊತ್ತು, ಅಮ್ಮಿಯ ಮಷೀನ್ ನಿಲ್ಲಿಸೋಣವೇ ಎಂದು. ಸಲ್ಮಾನ್ ಮೂಲೆಯಲ್ಲಿ ಮುದುಡಿಕೊಂಡಿದ್ದಾನೆ, ಕರೆದರೆ ಓಗೊಡುವುದಿಲ್ಲ. ನಾನೊಬ್ಬಳೇ ಹೇಗೆ ಆ ಕೋಣೆಗೆ ಹೋಗಲಿ?

ಫೋನಿನಲ್ಲಿ ನಿನ್ನ ದನಿ ಕೇಳಿದರೆ ಮತ್ತೆ ಕಿರುಚಿಬಿಡುತ್ತೇನೆ, ಅದಕ್ಕೇ ನೀನು ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಕವಿತ ಶಿಡ್ಲಘಟ್ಟಕ್ಕೆ ಹೊರಟಿದ್ದಾಳೆ, ಅವಳ ಕೈಲಿ ಈ ಕಾಗದ ಕೊಡುತ್ತಿದ್ದೇನೆ. ಡ್ಯೂಟಿ ಮುಗಿದ ಕೂಡಲೇ ಬಾ. ಬಂದರೆ ಬೈಯುತ್ತೇನೆ, ಹೊಡೆದರೂ ಹೊಡೆದೇನು. ಎದ್ದು ಹೋಗಬೇಡ. ಹೊಡೆದು ಸೋತಾಗ ಒರಗಲಿಕ್ಕೂ ನನಗೆ ನಿನ್ನ ಹೆಗಲೇ ಬೇಕು.

ಗಾಡಿ ನಿಧಾನವಾಗಿ ಓಡಿಸು. ಅಲ್ಲಾಹ್ ನಿನ್ನನ್ನು ಕ್ಷೇಮವಾಗಿ ನನ್ನವರೆಗೆ ತಲುಪಿಸಲಿ.

ನಿನ್ನ,
ರೂಬಿ